ಢವಳ್ಯಾ ಇಲ್ಲದ ಮನೆ

ಸಂಘಮಿತ್ರಾ ಡ್ರೈವಿಂಗ್ ಶಾಲೆಯ ಕೆಲಸ ಮುಗಿಸಿ ಮನೆಗೆ ಬಂದಾಗ ಗೇಟಿನ ಬಳಿ ನಾಯಿ ಇರಲಿಲ್ಲ. ಅವಳ ಸ್ಕೂಟರಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಕಣ್ಣಿಗೆ ಪೊರೆ ಬಂದ ಮುದಿ ಢವಳ್ಯಾ ಎದ್ದು ನಿಂತು ಬಾಲ ಬಡಿಯುತ್ತಿದ್ದ. ಇಂದು ಅವನ ನೀರಿನ ಬೋಗುಣಿಯೂ ಇಲ್ಲ. ಕಟ್ಟೆಯನ್ನು ಯಾರೋ ಫಿನಾಯಿಲ್ ಹಾಕಿ ತೊಳೆದಿದ್ದರು.

ಪಡಸಾಲೆಯಲ್ಲಿ ತಮ್ಮ ದೇವಾನಂದ ಊಟಕ್ಕೆ ಕೂತಿದ್ದ.

"ಢವಳ್ಯಾ ಎಲ್ಲಿ?"

"ಬಬಲೇಶ್ವರದಾಗ ಬಿಟ್ಟು ಬಂದೇನಿ," ಎಂದ ಅವನು, ತಲೆ ಎತ್ತದೆ. "ಐತವಾರ ಮೇಘಾನ್ನ ನೋಡಾಕ ಬೀಗರು ಬರಾವ್ರದಾರ. ಆ ಮುದಿ ನಾಯಿ ಬಾಗಲಾಗ ಬಿದ್ದಿದ್ರ ಏನಂದಾರು? ಸಂತಿ ಊರದು, ಏನರ ತಿಂದು ಬದುಕತೈತಿ."

ಆ ಮನೆಯನ್ನು ಅಪ್ಪ ಗೊಲ್ಲಾಳಪ್ಪ ಒಂದೊಂದೇ ಕೋಣೆಯಾಗಿ ಕಟ್ಟಿದ್ದ. ಸಂಘಮಿತ್ರಾ ಹುಟ್ಟಿದ್ದು ಅಲ್ಲೇ, ಮದುವೆ ಬೇಡವೆಂದು ಉಳಿದದ್ದು ಅಲ್ಲೇ, ಹಾಸಿಗೆ ಹಿಡಿದ ಅವ್ವ ಪರಸವ್ವನ ಉಚ್ಚೆ ಬಟ್ಟೆ ತೊಳೆದದ್ದೂ ಅಲ್ಲೇ. ಅವ್ವನ ಮಂಚದಿಂದ ಜೋತುಬಿದ್ದ ಕೈಯನ್ನು ನೆಕ್ಕುತ್ತ ಕೊನೆಯ ತನಕ ಕೂತವನು ಢವಳ್ಯಾ. ಊರೂರು ನೌಕರಿ ಮಾಡುತ್ತಿದ್ದ ದೇವಾನಂದ ಹೆಂಡತಿ ಮತ್ತು ಮಗಳು ಮೇಘಾಳೊಂದಿಗೆ ಅವ್ವನ ಮಣ್ಣಿಗೆ ಬಂದವನು ಹಾಗೇ ಉಳಿದುಬಿಟ್ಟ. ಅವ್ವನ ಮಂಚ ಮಾಳಿಗೆಗೆ ಹೋಯಿತು, ಬೆಕ್ಕು ಚಿಂಗಿಗೆ ಅಡುಗೆಮನೆ ಬಂದ್ ಆಯಿತು. ಒಂದೊಂದನ್ನೂ ಅವಳು ನುಂಗಿಕೊಂಡಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ.

"ದಿನಾ ಮುಂಜಾನೆ ಬುದ್ಧನ ಮುಂದ ಕುಂತು ಪಂಚಶೀಲ ಹೇಳತಿ. ಮೊದಲನೇ ಶೀಲ ಯಾವದಲೇ?"

"ನಾ ಏನ್ ಕೊಂದೇನೇನ? ಬಿಟ್ಟು ಬಂದೇನಿ ಅಷ್ಟ."

"ಕಣ್ಣ ಕಾಣದ ಜೀವಾನ್ನ ಬಸ್ಸು ಜೀಪು ಓಡಾಡೂ ದಾರಿಯಾಗ ಬಿಡೂದು ಕೊಲ್ಲೂದಲ್ಲೇನು? ಕೈಯಾರೆ ಕೊಲ್ಲೂ ಧೈರ್ಯರ ಇತ್ತೇನು ನಿನಗ!"

ಮುಂಜಾನೆ ತಾನೇ ಬಡಿದಿಟ್ಟಿದ್ದ ರೊಟ್ಟಿಗಳನ್ನು ಅವನ ಮುಂದಿನಿಂದ ಬುಟ್ಟಿ ಸಮೇತ ಎತ್ತಿಕೊಂಡಳು. "ಅಂವ ಹಸದಾನ," ಎಂದು ಹೊರಗೆ ನಡೆದಳು.

ಮನೆಯ ಪಕ್ಕದಲ್ಲಿ ಅವಳ ಟೆಂಪೊ ನಿಂತಿತ್ತು. ಶಾಲೆಯೊಂದು ಮಾರಿದ ಹಳೆಯ ಗಾಡಿ. ರಜೆಯಲ್ಲಿ ದೇಶ ಸುತ್ತಬೇಕೆಂದು ಸೀಟು ಕಿತ್ತಿಸಿ ಮಂಚ, ಒಲೆ, ನೀರಿನ ಟಾಕಿ ಕೂಡಿಸಿದ್ದಳು. ದೇವಾನಂದ ಅದನ್ನು ಸರ್ಕಸ್ ಗಾಡಿ ಎನ್ನುತ್ತಿದ್ದ. ಅವಳು ಎಂಜಿನ್ ಚಾಲೂ ಮಾಡುವಷ್ಟರಲ್ಲಿ ಮೇಘಾ ಓಡಿ ಬಂದಳು. ಕೈಯಲ್ಲಿ ಮುಚ್ಚಿದ ಬುಟ್ಟಿ, ಒಳಗೆ ಚಿಂಗಿಯ ಕೂಗಾಟ.

"ಅತ್ತಿ, ಇಕಿನ್ನೂ ಒಯ್ರಿ. ನಾಳೆ ಇಕಿ ಪಾಳಿ ಬರತೈತಿ."

"ನೀ ಯಾಕ ಸುಮ್ಮನಿದ್ದಿ?"

"ನನ್ನ ಕೇಳಿ ಏನ್ ಮಾಡತಾರ್ರಿ ಇಲ್ಲಿ? ಬೀಗರನ್ನ ಕರದದ್ದೂ ನನ್ನ ಕೇಳಿ ಅಲ್ಲ."

ಸಿಟ್ಟಿದ್ದಾಗ ಸ್ಟೇರಿಂಗ್ ಮುಟ್ಟಬೇಡಿ ಎಂದು ಕಲಿಯಲು ಬಂದವರಿಗೆಲ್ಲ ಹೇಳುವವಳು ಅವತ್ತು ಗೇರು ಕಿರುಗುಟ್ಟಿಸುತ್ತ ಬಬಲೇಶ್ವರಕ್ಕೆ ಗಾಡಿ ಓಡಿಸಿದಳು. ಸಂತೆ ಕರಗುತ್ತಿತ್ತು. ಜೀಪಿನವರನ್ನು ಕೇಳಿದಳು, ಚಹಾದಂಗಡಿಯಲ್ಲಿ ಕೇಳಿದಳು. ಒಬ್ಬ ನಕ್ಕು, "ನಾಯಿಗೇನ ಬರಗಾಲ್ರಿ ಇಲ್ಲಿ?" ಎಂದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನ ನಗೆ ಅಲ್ಲೇ ಒಣಗಿತು.

ಕೊನೆಗೆ ಬದನೆಕಾಯಿ ಮಾರುವ ಮಾಳವ್ವ ಎಂಬ ಮುದುಕಿಯ ತಳ್ಳುಗಾಡಿಯ ಕೆಳಗೆ ಢವಳ್ಯಾ ಸಿಕ್ಕ. ಹಿಂಗಾಲಿಗೆ ಅರಿಶಿಣ ಮೆತ್ತಿದ ಚಿಂದಿ ಸುತ್ತಿತ್ತು. ಸಂಘಮಿತ್ರಾ ಮೊಣಕಾಲೂರಿ ಹೆಸರು ಹಿಡಿದು ಕರೆದಾಗ ಮೂಗು ಎತ್ತಿ ಗಾಳಿ ಮೂಸಿ, ಒಂದೇ ಸಮನೆ ಕುಂಯ್‌ಗುಟ್ಟತೊಡಗಿದ.

"ನಿಮ್ಮದೇನು ಇದು?" ಮಾಳವ್ವ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಾಚಿಕಿ ಆಗೂದಿಲ್ಲೇನು? ಮೋಟರ್ ಸೈಕಲ್ ಹಾಯ್ದು ಹೋತು. ಪ್ರಾಯ ಇದ್ದಾಗ ಮನಿ ಕಾಯಿಸಿಕೊಂಡ್ರಿ, ಮುದಿ ಆದಮ್ಯಾಲ ನಮ್ಮೂರಿಗೆ ಚೆಲ್ಲಾಕ ಬಂದ್ರಿ?"

"ನಾ ಅಲ್ಲಬೇ, ನನ್ನ ತಮ್ಮ."

"ಹಂಗಾರ ಅವನ್ನೂ ಕರಕೊಂಬಂದು ಇಲ್ಲೇ ಬಿಟ್ಟು ಹೋಗ್ರಿ. ಏನರ ತಿಂದು ಬದುಕತಾನ!"

ಸಂಘಮಿತ್ರಾಗೆ ನಗಲಾಗಲಿಲ್ಲ. ತಮ್ಮ ಆಡಿದ್ದೂ ಅದೇ ಮಾತು. ನಾಯಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ ರೊಟ್ಟಿ ಮುರಿದು ಹಾಕಿದಳು. ಉಳಿದ ರೊಟ್ಟಿಯನ್ನೆಲ್ಲ ಮಾಳವ್ವನಿಗೆ ಕೊಟ್ಟಳು.

ಸ್ಟೇರಿಂಗ್ ಹಿಡಿದು ಕೂತಾಗ ಮನೆಗೆ ಹೋಗುವ ವಿಜಯಪುರದ ದಾರಿ ಎದುರಿಗೇ ಇತ್ತು. ತಾನು ಹೋಗಿ ಬಾಗಿಲು ಬಡಿಯುವುದು, ದೇವಾನಂದ "ಸಿಕ್ತಲ್ಲ, ಆತು ಬಿಡು" ಎನ್ನುವುದು, ತಾನು ನಾಳೆ ಮತ್ತೆ ಅವನಿಗೆ ರೊಟ್ಟಿ ಬಡಿಯುವುದು, ಎಲ್ಲ ಕಣ್ಣಿಗೆ ಕಟ್ಟಿತು. ಮೈ ಉರಿಯಿತು. ಗಾಡಿಯನ್ನು ತಿಕೋಟಾದ ಕಡೆಗೆ ತಿರುಗಿಸಿದಳು.

ಅವಳ ಹತ್ತಿರ ಕಾರು ಕಲಿತ ಸಬೀರಾಳ ಒಣದ್ರಾಕ್ಷಿ ಶೆಡ್ಡು ತಿಕೋಟಾದ ಹೊರಗಿತ್ತು. "ಎಷ್ಟ್ ದಿನಾರ ಇರ್ರಿ ಮೇಡಂ, ನೀರದ ಕಾಳಜಿ ಬ್ಯಾಡ," ಎಂದಳು ಸಬೀರಾ.

ಐತವಾರ ಕಳೆದ ಮೇಲೆ ದೇವಾನಂದ ಅಲ್ಲಿಗೆ ಬಂದ. ಗಾಡಿಯೊಳಗೆ ಕಾಲಿಡದೆ, ಬಿಸಿಲಲ್ಲೇ ನಿಂತು ಮಾತಾಡಿದ.

"ಬೀಗರು ನಿನ್ನ ಕೇಳಿದ್ರು. ಮನಿತನದ ಹೆಣ್ಣಮಗಳು ಗಾಡ್ಯಾಗ ಇರತಾಳ ಅಂದ್ರ ನನ್ನ ಮಾರಿ ಎಲ್ಲಿಡ್ಲಿ? ನಡಿ ಅಕ್ಕಾ. ನಾಯಿ ಬೇಕಾದ್ರ ಹಿತ್ತಲದಾಗ ಕಟ್ಟೂಣು."

"ಹಿತ್ತಲದಾಗ!" ಅವಳ ದನಿಗೆ ದ್ರಾಕ್ಷಿ ಬಿಡಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. "ಅದರ ಕಾಲು ಹೆಂಗೈತಿ ಅಂತ ಒಂದ್ ಮಾತ ಕೇಳಿದೇನು? ಬೀಗರ ಮುಂದ ನಿಲ್ಲಾಕ ಒಬ್ಬಾಕಿ ಅಕ್ಕ ಬೇಕಾಗ್ಯಾಳ ನಿನಗ. ಅವ್ವ ಉಸುರು ಎಳಿಯೂಮುಂದ ಎಲ್ಲಿದ್ದೆಲೇ?"

"ಹಂಗಾರ ನೀ ಮನಿ ಬಿಟ್ಟೇನು?"

"ಬಿಟ್ಟು ಬಂದೇನಿ, ಬಿಟ್ಟು ಕೊಟ್ಟಿಲ್ಲ. ಅಪ್ಪನ ಮನಿಯಾಗ ನನ್ನ ಪಾಲೂ ಐತಿ, ಕೋರ್ಟಿನ್ಯಾಗ ಕೇಳತೇನಿ. ಖರೆ ನಿನ್ನ ಕೂಡ ಆ ಸೂರಿನ ಕೆಳಗ ಒಂದ್ ಗುಟುಕು ನೀರೂ ಕುಡಿಯೂದಿಲ್ಲ. ನಡಿ ಇನ್ನ."

ಅವನು ಹೋದ.

ಈಗ ಅವಳ ಗಾಡಿ ಕೆಲವು ದಿನ ತಿಕೋಟಾದಲ್ಲಿ, ಕೆಲವು ದಿನ ವಿಜಯಪುರದ ಹತ್ತಿರದ ತೊರವಿಯಲ್ಲಿ ನಿಲ್ಲುತ್ತದೆ. ಡ್ರೈವಿಂಗ್ ಶಾಲೆಯ ಕೆಲಸ ಬಿಟ್ಟಿಲ್ಲ. ಬೇಸಿಗೆಯಲ್ಲಿ ತಗಡು ಕಾದು ಒಳಗೆ ಕೂರಲಾಗುವುದಿಲ್ಲ. ಚಿಂಗಿ ಗಾಲಿಗಳ ನಡುವೆ ಹೋಗಿ ಮಲಗುತ್ತದೆ. ಢವಳ್ಯಾನ ಕಾಲು ಕುಂಟಾಗಿಯೇ ಉಳಿಯಿತು, ಮೆಟ್ಟಿಲು ಹತ್ತಲಾರ. ಅವನನ್ನು ಎರಡೂ ಕೈಯಿಂದ ಎತ್ತಿ ಒಳಗಿಡುವಾಗಲೆಲ್ಲ ಸಂಘಮಿತ್ರಾಗೆ ತಮ್ಮನ ಮೇಲೆ ಹೊಸದಾಗಿ ಸಿಟ್ಟು ಬರುತ್ತದೆ. ಅದು ಇಳಿಯಲಿ ಎಂದು ಅವಳಿಗೆ ಅನಿಸಿಲ್ಲ.