ನಮ್ಮ ಪತ್ರಿಕೆ

ಕಣ್ಣೂರಿನ ನಮ್ಮ ಬೀಡಿ ಶೆಡ್ಡಿನಲ್ಲಿ ಕೈಗೆ ಎಲೆ, ಕಿವಿಗೆ ಪತ್ರಿಕೆ. ನಾಣು ನಡುವೆ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ನಾವೇ ಸುತ್ತಿಕೊಡುತ್ತಿದ್ದೆವು. ಓದುವುದು ನಮ್ಮ ಪಕ್ಷದ ಪತ್ರಿಕೆ ಮಾತ್ರ. ಊರಿಗೆ ಬರುತ್ತಿದ್ದ ಇನ್ನೊಂದು ಪತ್ರಿಕೆ ಮಾಲೀಕರದ್ದು, ಅದರಲ್ಲಿ ಒಣಮೀನು ಕಟ್ಟಿದರೂ ಮೀನು ಕೆಡುತ್ತದೆ ಎಂದು ನಗುತ್ತಿದ್ದೆವು.

ಆ ದಿನ ನಾಣು ಓದುತ್ತಾ ಓದುತ್ತಾ ತಡವರಿಸಿದ. ನೇಯ್ಗೆ ಮಿಲ್ಲಿನ ಮುಷ್ಕರ ಮುರಿಸಿದ್ದು ಒಳಗಿನವನೇ, ಮಾಲೀಕನ ಮನೆಗೆ ಹೋಗಿ ಗುಟ್ಟು ಬಿಟ್ಟುಕೊಟ್ಟವನು ಪವಿತ್ರನ್ ಎಂದಿತ್ತು. ಅವನ ಅಪ್ಪ ಕೋರನ್, ನಮಗೆಲ್ಲ ಅಣ್ಣನಂಥ ಕೋರೇಟ್ಟ, ನನ್ನ ಪಕ್ಕದಲ್ಲೇ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಯಾಕೆ ನಿಲ್ಲಿಸಿದೆ? ಓದೋ," ಅಂದರು.

ಇದು ನಿಜವೇ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪವಿತ್ರನ್ ನನ್ನ ತಂಗಿಯನ್ನು ಒಲ್ಲೆ ಎಂದು ಬೇರೆ ಹುಡುಗಿಯನ್ನು ಕಟ್ಟಿಕೊಂಡವನು. ಸುದ್ದಿ ಕೇಳಿ ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಕೋರೇಟ್ಟನಿಗೂ ಮಗನ ಮೇಲೆ ಹಳೆಯ ಸಿಟ್ಟಿತ್ತು. ಬೀಡಿ ಸುತ್ತುವುದಿಲ್ಲ ಎಂದು ಎದುರುತ್ತರ ಕೊಟ್ಟು ಮಿಲ್ಲಿಗೆ ಹೋದವನಲ್ಲವೇ ಅವನು.

ಮಧ್ಯಾಹ್ನ ನಾವು ಗಂಜಿ ಕುಡಿಯುವ ಹೊತ್ತಿಗೆ ಪವಿತ್ರನ್ ಬಂದ. ಕೈಯಲ್ಲಿ ಆ ಇನ್ನೊಂದು ಪತ್ರಿಕೆ.

"ಅಪ್ಪಾ, ಇದನ್ನೊಂಚೂರು ಓದಿಸಿ. ಗುಟ್ಟು ಹೋಯ್ತು ಅನ್ನೋ ದಿನ ನಾನು ಆಸ್ಪತ್ರೇಲಿದ್ದೆ, ಹೆಂಡತಿ ಹೆರಿಗೆಗೆ. ಇದರಲ್ಲಿ ಬರೆದಿದ್ದಾರೆ."

"ಮಾಲೀಕರ ಪೇಪರ್ ಮಾಲೀಕರ ನಾಯಿ ಪರ ಬರೀದೆ ಇನ್ಯಾರ ಪರ ಬರಿಯುತ್ತೆ?" ನಾನೇ ಅಂದೆ. ಎಲ್ಲರೂ ನಕ್ಕರು.

ಪವಿತ್ರನ್ ಪತ್ರಿಕೆಯನ್ನು ನೆಲಕ್ಕೆ ಬಿಸಾಡಿದ. "ಹೋಗ್ಲಿ, ಯಾವ ಪೇಪರೂ ಬೇಡ. ನನ್ನ ಮುಖ ನೋಡಿ ಹೇಳಿ ಅಪ್ಪಾ. ನಾನು ಅಂಥವನಾ?"

ಕೋರೇಟ್ಟ ಮುಖ ಎತ್ತಲಿಲ್ಲ. "ನಮ್ಮ ಪೇಪರ್‌ನಲ್ಲಿ ಬಂದಿದೆ. ಅದು ಸುಳ್ಳು ಹೇಳುತ್ತಾ? ನಡಿ, ಇಲ್ಲಿ ಕೆಲಸ ಇದೆ."

ಮರುವಾರ ಅವನ ಶವ ಧರ್ಮಡಂ ದಡಕ್ಕೆ ಬಂತು. ಜಾರಿ ಬಿದ್ದನೋ, ತಾನೇ ಇಳಿದನೋ, ಕಡಲಿಗೇ ಗೊತ್ತು. ಹೊರಲು ಜನ ಸಿಗುವುದೇ ಕಷ್ಟವಾಯಿತಂತೆ. ನಾನು ಹೋಗಲಿಲ್ಲ.

ತಿಂಗಳು ಕಳೆದಿರಬೇಕು. ಒಳಪುಟ ಓದುತ್ತಿದ್ದ ನಾಣು ಮತ್ತೆ ತಡವರಿಸಿದ. ಗುಟ್ಟು ಬಿಟ್ಟುಕೊಟ್ಟವನು ಬೇರೊಬ್ಬ, ಪವಿತ್ರನ್ ನಿರಪರಾಧಿ, ಹಿಂದಿನ ವರದಿಗೆ ವಿಷಾದಿಸುತ್ತೇವೆ. ಅಷ್ಟೇ. ಅದರ ಕೆಳಗೆ ಕೂದಲೆಣ್ಣೆಯ ಜಾಹೀರಾತು.

"ಇನ್ನೊಂದ್ಸಲ ಓದು ಮಗಾ," ಅಂದರು ಕೋರೇಟ್ಟ.

ನಾಣು ಓದಿದ. ಏನಾದರೂ ಹೇಳಬೇಕಲ್ಲ ಎಂದು, "ನಮ್ಮ ಪೇಪರೇ ಹೇಳಿದ ಮೇಲೆ ಆಯ್ತಲ್ಲ ಕೋರೇಟ್ಟ, ಅವನ ಹೆಸರು ಉಳೀತು," ಅಂದೆ.

ಆವತ್ತು ಮಗನತ್ತ ಎತ್ತದ ಮುಖವನ್ನು ಅವರು ನನ್ನತ್ತ ಎತ್ತಿದರು.

"ಅವನು ಎದುರಿಗೆ ನಿಂತು ಹೇಳಿದಾಗ ನಂಬಲಿಲ್ಲ ಕಣೋ. ಈಗಲೂ ಅವನನ್ನ ನಂಬಿಲ್ಲ, ನೋಡು. ಪೇಪರನ್ನೇ ನಂಬಿದೀನಿ."

ನಾಣು ಪತ್ರಿಕೆ ಮಡಚಿದ. ಸ್ಟೂಲಿನಿಂದ ಇಳಿದು ತನ್ನ ಪಾಲಿನ ಎಲೆ ಎತ್ತಿಕೊಂಡ.