ಟ್ಯೂಬ್‌ಲೈಟ್ ಗುರುಸ್ವಾಮಿ

ಟ್ಯೂಬ್‌ಲೈಟು ಇಂಗ್ಲಿಷಿನವರ ಪಾಲಿಗೆ ದೀಪ ಇರಬಹುದು. ಗುಂಡ್ಲುಪೇಟೆ ಕಡೆ ಅದೊಂದು ಬೈಗುಳ; ಹೇಳಿದ್ದು ತಲೆಗೆ ತಡವಾಗಿ ಹತ್ತುವವನಿಗೆ ಇಡುವ ಹೆಸರು. ಚಾಮರಾಜನಗರದ ಹತ್ತಿರದ ಉಡಿಗಾಲದಿಂದ ಬಂದು ಬಂಡೀಪುರದ ಕಾಡನ್ನು ಇಪ್ಪತ್ತಾರು ವರ್ಷ ಕಾದ ವಾಚರ್ ಗುರುಸ್ವಾಮಿಗೆ ಅರಣ್ಯ ಇಲಾಖೆಯ ಕ್ಯಾಂಪಿನಲ್ಲಿ ಎರಡು ವರ್ಷದಿಂದ ಅದೇ ಹೆಸರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅವನು ನಗುತ್ತಿದ್ದ. ಕರೆದರೆ ಮೂರನೇ ಕೂಗಿಗೆ ತಿರುಗುತ್ತಿದ್ದ.

ತಲೆ ನೆಟ್ಟಗೇ ಇತ್ತು. ಹೋಗಿದ್ದದ್ದು ಕಿವಿ. ಆನೆಯ ಸದ್ದು ಕೇಳಿಸದ ವಾಚರನ್ನು ಯಾರು ತಾನೇ ಕಾಡಿಗೆ ಕಳಿಸುತ್ತಾರೆ? ಕೆಲಸ ಹೋದರೆ ಐವತ್ತೈದರ ಮುದುಕನನ್ನು ಬೇರೆ ಯಾರು ಕರೆಯುತ್ತಾರೆ? ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ವಾಸಿ ಎಂದು ಹಲ್ಲು ಕಿರಿಯುತ್ತ ದಿನ ದೂಡಿದ. ಗೊತ್ತಾಗದ ಮಾತಿಗೆಲ್ಲ ನಕ್ಕು ನಕ್ಕು ಅವನ ದವಡೆ ಸೋತಿತ್ತು. ರಜೆಯಲ್ಲಿ ಊರಿಗೆ ಹೋದರೆ ಹೆಂಡತಿ ಗುರುಮಲ್ಲಮ್ಮನ ಎದುರು ನಗದೆ ಸುಮ್ಮನೆ ಕೂರುವುದೇ ಅವನಿಗೆ ವಿಶ್ರಾಂತಿ.

ಮೊನ್ನೆ ಬೆಳಿಗ್ಗೆ ಕಾಡಿನ ಹಾದಿಯಲ್ಲಿ ಜೊತೆಗಾರ ಪುಟ್ಟಮಾದು ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದ. ಇಬ್ಬರೂ ಹಳ್ಳಕ್ಕೆ ಉರುಳಿದರು. ಅವರು ನಿಂತಿದ್ದ ಜಾಗದಲ್ಲೇ ಮರಿಯ ಸಮೇತ ಹೆಣ್ಣಾನೆಯೊಂದು ಲಂಟಾನ ಪೊದೆ ಸೀಳಿಕೊಂಡು ಹೋಯಿತು. ಪುಟ್ಟಮಾದುವಿನ ಮೊಣಕೈಯಿಂದ ರಕ್ತ ಸೋರುತ್ತಿತ್ತು.

ಗುರುಸ್ವಾಮಿ ರೂಢಿಯಂತೆ ನಗಲು ಹೋದ, ಆಗಲಿಲ್ಲ. "ನಂಗೆ ಕಿವಿ ಕೇಳಕಿಲ್ಲ ಕಣ್ಲಾ ಮಾದು" ಎಂದ.

ಪುಟ್ಟಮಾದು ಅವನ ಕಿವಿಯ ಹತ್ತಿರ ಬಾಯಿ ತಂದ. "ಗೊತ್ತು ಕಣಣ್ಣ. ರೇಂಜರ್ ಸಾಯೇಬ್ರು ಅನ್ಮಾನ ಪಟ್ಟಾಗ, 'ಕಿವಿ ಸರಿಯಾಗೇ ಅದೆ ಸಾ, ಆಳೇ ಟ್ಯೂಬ್‌ಲೈಟು' ಅಂದ್ಬುಟ್ಟೆ. ಆ ಎಸ್ರು ಇಟ್ಟೋನು ನಾನೇಯ. ಆದ್ರೆ ಇನ್ ಮುಚ್ಚಿಡಕ್ ಆಗಕಿಲ್ಲ ಕಣಣ್ಣ. ನಂಗೂ ಎಂಡ್ರು, ಎಳ್ಡು ಐಕ್ಳವೆ."

ಆ ಹೆಸರಿಟ್ಟವನನ್ನು ಗುರುಸ್ವಾಮಿ ಎರಡು ವರ್ಷ ಮನಸ್ಸಿನಲ್ಲೇ ಶಪಿಸಿದ್ದ. ಈಗ ಅಳು ಬಂತು. ಹೆಗಲ ಮೇಲಿನ ಟವಲು ತೆಗೆದು ಪುಟ್ಟಮಾದುವಿನ ಮೊಣಕೈಗೆ ಕಟ್ಟಿದ.

ಮಧ್ಯಾಹ್ನ ಇಬ್ಬರೂ ಸಾಹೇಬರ ಆಫೀಸಿಗೆ ಹೋದರು. ಗುರುಸ್ವಾಮಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಾಹೇಬರು ಫೈಲಿನಿಂದ ತಲೆ ಎತ್ತದೆ ಏನೋ ಅಂದರು. ಕೆಲಸ ಉಳಿಯಿತೋ ಹೋಯಿತೋ ತಿಳಿಯಲಿಲ್ಲ. ಅಭ್ಯಾಸಬಲ, ತುಟಿ ತಾನಾಗಿಯೇ ಅಗಲವಾಗುತ್ತಿತ್ತು, ಅವನು ಬಿಗಿಹಿಡಿದ.

"ಕೇಳಿಸ್ನಿಲ್ಲ ಸಾ" ಎಂದ. "ಇನ್ನೊಂದ್ಸಲ ಜೋರಾಗಿ ಯೋಳಿ."