ಹುಳುಮನೆಯ ಬಾಣಂತಿ

"ಲೇ ಮುಂಡೆ, ಸೊಪ್ಪಿನ ಬುಟ್ಟಿಯಾಗೆ ಅದೇನೇ ಅದು? ಕೂಸು ಮಲಗಿಸಿದ್ದೀಯಲ್ಲೇ, ನಿನ್ನ ಮಕಕ್ಕೆ ಮಣ್ಣು ಹಾಕ! ಇದೇನು ರೇಷ್ಮೆ ಹುಳದ ಮನೆಯೋ, ಹೆರಿಗೆ ಆಸ್ಪತ್ರೆಯೋ?"

ಬಯ್ಯಪ್ಪ ಗೌಡರ ಕೂಗಿಗೆ ನನ್ನ ಮಗಳು ಬೆಚ್ಚಿದಳೇ ಹೊರತು ಅಳಲಿಲ್ಲ. ಹುಳುಗಳ ಸ್ಟ್ಯಾಂಡಿನ ಪಕ್ಕ ಗೋಡೆಗೆ ಒರಗಿ ಕೂತಿದ್ದ ನಾನು ಸೆರಗು ಸರಿಮಾಡಿಕೊಂಡೆ. ಅಮ್ಮ ಮುನಿಗಂಗಮ್ಮ ಹುಳುಗಳ ಮೇಲೆ ಸೊಪ್ಪಿನ ಕಡ್ಡಿ ಹರಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಮ್ಮ ಮನೆಯಾಗೆ ಬಿಸ್ಲು ತಡೀಲಿಲ್ಲ ಗೌಡ್ರೇ. ಇಲ್ಲಿ ತಂಪೈತೆ."

"ತಂಪಿರೋದು ಹುಳಕ್ಕೆ ಕಣೇ! ಪುರುಡಿನ ಮೈಲಿಗೆ ತಂದು ಇಲ್ಲಿಟ್ಟಿದ್ದೀಯ. ಹುಳಕ್ಕೆ ರೋಗ ತಗುಲಿದ್ರೆ ನಿಮ್ಮಪ್ಪ ಬತ್ತಾನಾ?"

ಗೌಡರ ಜಗುಲಿ ಹತ್ತುವಂತಿಲ್ಲದ ಅಮ್ಮ ಅವರ ಹುಳುಮನೆಗೆ ದಿನಕ್ಕೆ ಐದು ಸಲ ಹೋಗುತ್ತಾಳೆ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿದೆ. ಅದರಲ್ಲಿ ಕಾಲಾಡಿಸಿದರೆ ಕಾಯಿಲೆಯ ಜೊತೆ ಜಾತಿಯೂ ಹೊರಗೇ ಉಳಿಯುತ್ತದೆ.

ಹೆರಿಗೆಗೆಂದು ನಾನು ಜಂಗಮಕೋಟೆ ಹತ್ತಿರದ ಈ ಊರಿಗೆ ಬಂದು ಎರಡು ತಿಂಗಳು. ಅಮ್ಮ ಸಂಪ್ರದಾಯದಂತೆ ಕಿಟಕಿ ಮುಚ್ಚಿದಳು, ನನಗೂ ಕೂಸಿಗೂ ಕಂಬಳಿ ಹೊದಿಸಿದಳು, ಮಂಚದಡಿ ಕೆಂಡದ ಮಡಕೆ ಇಟ್ಟಳು. ಅವಳ ಅಮ್ಮ ಅವಳಿಗೆ ಹಾಗೇ ಮಾಡಿದ್ದು. ಅದು ಹುಲ್ಲಿನ ಮನೆ, ಸಂಕ್ರಾಂತಿ ಹೊತ್ತಿನ ಚಳಿ. ನಾವಿರುವುದು ತಗಡಿನ ಕೆಳಗೆ, ಏಪ್ರಿಲ್ ತಿಂಗಳಲ್ಲಿ. ನಾನು ಚಿಂತಾಮಣಿಯಲ್ಲಿ ಬಿ.ಎ. ಓದಿದವಳು. ತಪ್ಪೆಂದು ಗೊತ್ತಿತ್ತು. ಆದರೂ ಬಾಯಿಬಿಡಲಿಲ್ಲ. ಅಮ್ಮ ಕೂಲಿಯಿಂದ ಬಂದು, ಅಷ್ಟು ದಣಿದ ಮೇಲೂ ಕೆಂಡ ಊದುವುದನ್ನು ನೋಡುತ್ತ ಬೆವರುತ್ತಿದ್ದೆ.

ಹದಿನೆಂಟನೆಯ ದಿನ ಕೂಸಿನ ಮೈತುಂಬ ಕೆಂಪು ಗುಳ್ಳೆ. ಇಪ್ಪತ್ತನೆಯ ದಿನ ಮೊಲೆ ಕುಡಿಯುವುದನ್ನೇ ಬಿಟ್ಟಿತು. ನರ್ಸಮ್ಮ ಬಂದವಳು ಮಂಚದಡಿ ಬಗ್ಗಿ ನೋಡಿದಳು.

"ಮಗೂನ ಹುರೀತಿದ್ದೀಯೇನಮ್ಮಾ? ತಂಪಾಗಿರೋ ಕಡೆ ಇಡು. ಇಲ್ಲಾಂದ್ರೆ ಉಳಿಯಲ್ಲ."

ಸಂಜೆ ಅಮ್ಮ ಎದ್ದು ಕೆಂಡಕ್ಕೆ ಒಂದು ಚೊಂಬು ನೀರು ಸುರಿದಳು. ಊರಲ್ಲಿ ತಂಪಾಗಿರುವ ಜಾಗ ಒಂದೇ ಇತ್ತು, ಗೌಡರ ಹುಳುಮನೆ. ಗೌಡರ ಕಣ್ಣಿಗೆ ಬೀಳದೆ ಅಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಕೂಸು ಮತ್ತೆ ಹಾಲು ಕುಡಿಯಿತು.

ಈಗ ಮೂರನೆಯ ದಿನ. ಗೌಡರು ತಮ್ಮ ಹುಳುಮನೆ ತೋರಿಸಲು ಮೋಹನ್‌ಬಾಬು ಎಂಬವರನ್ನು ಕರೆತಂದಿದ್ದರು. ಹವಾಮಾನ ಬದಲಾಗುತ್ತಿರುವುದು ರೈತರಿಗೆ ಗೊತ್ತಾಗಿದೆಯೇ, ಗೊತ್ತಾಗಿದ್ದರೆ ಏನು ಮಾಡಿಕೊಂಡಿದ್ದಾರೆ ಎಂದು ಕೇಳಿ ಬರೆದುಕೊಳ್ಳಲು ಬೆಂಗಳೂರಿನಿಂದ ಬಂದವರು. ಒಳ್ಳೆಯ ಸೆಂಟು ಹಾಕಿದ್ದರು. ಹುಳಕ್ಕೆ ವಾಸನೆ ಆಗದೆಂದು ನಮ್ಮ ಹೆಂಗಸರು ಮಲ್ಲಿಗೆ ಮುಡಿದೂ ಒಳಗೆ ಬರುವಂತಿಲ್ಲ.

"ಬರ್ಕಳಿ ಸಾರ್," ಎಂದರು ಗೌಡರು, ದನಿ ಬದಲಿಸಿ. "ಇಪ್ಪತ್ತೈದು ಡಿಗ್ರಿ ದಾಟಬಾರದು ಅಂತ ಎರಡು ಕೂಲರ್ ಹಾಕ್ಸಿದ್ದೀನಿ. ಮಾಡಿಗೆ ಬಿಳಿ ಪೇಂಟು. ಸುತ್ತ ಗೋಣಿಚೀಲದ ಪರದೆ, ಗಂಟೆಗೊಂದು ಸಲ ಒದ್ದೆ ಮಾಡ್ತೀನಿ."

"ನೀವೇನಾ?"

"ನಾನೇ ಸಾರ್."

ಅಮ್ಮ ಗೋಣಿಗೆ ನೀರು ಎರಚುತ್ತಿದ್ದಳು. ಒಂದೆರಡು ಹನಿ ಮೋಹನ್‌ಬಾಬು ಅವರ ಕಾಗದದ ಮೇಲೆ ಬಿದ್ದವು. ಅವರು ಒರೆಸಿಕೊಂಡು ಅವಳತ್ತ ತಿರುಗಿದರು.

"ಹವಾಮಾನ ಬದಲಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತಮ್ಮ?"

"ಕೂಸು ಹಾಲು ಬಿಡ್ತು ಸ್ವಾಮಿ."

ಅವರು ಕಾಗದದಲ್ಲಿದ್ದ ಉತ್ತರಗಳ ಪಟ್ಟಿಯಲ್ಲಿ ಹುಡುಕಿದರು. "ಹಂಗೆ ಇಲ್ಲವಲ್ಲಮ್ಮ. ಮಳೆ ಕಮ್ಮಿ, ಬಿಸಿಲು ಜಾಸ್ತಿ, ಗೊತ್ತಿಲ್ಲ. ಈ ಮೂರರಲ್ಲಿ ಒಂದು ಹೇಳಿ."

ಅಮ್ಮ ಮತ್ತೆ ಗೋಣಿಗೆ ನೀರು ಎರಚತೊಡಗಿದಳು.

"ಹೋಗ್ಲಿ, ಜಮೀನೆಷ್ಟು?"

"ಇಲ್ಲ."

"ಓ, ನೀವು ರೈತರಲ್ಲ," ಎಂದು ಅವರು ಬರೆದದ್ದನ್ನು ಹೊಡೆದುಹಾಕಿದರು. ಆಮೇಲೆ ಮೊಬೈಲು ತೆಗೆದು ಕೂಲರಿನ ಫೋಟೋ ಹಿಡಿಯಹೋದರು. ಬುಟ್ಟಿ ಅಡ್ಡ ಬಂತು.

"ಎತ್ಕೊಂಡು ಆಚೆ ನಡಿಯೇ!" ಗೌಡರು ನನ್ನತ್ತ ಕೈ ಬೀಸಿದರು. "ಲೌಡಿ, ಬಿ.ಎ. ಓದಿದ್ದೀಯಂತೆ, ಅಷ್ಟೂ ತಿಳಿಯಲ್ವಾ?"

ಹೊರಗೆ ಮಧ್ಯಾಹ್ನ ಒಂದು ಗಂಟೆ. ನಾನು ಕೂಸನ್ನು ಎತ್ತಿಕೊಂಡೆ. ಬಾಗಿಲ ಪರದೆ ಸರಿಸಿದ್ದೆ. ಅಷ್ಟರಲ್ಲಿ ಆ ಮೂಲೆಯಿಂದ, ಅಮ್ಮನ ಜೊತೆ ಕೂಲಿಗೆ ಬರುವ ಶಹರ್ ಬಾನು ಕೂಗಿದಳು.

"ಗೌಡ್ರೇ, ಹಣ್ಣಾದ್ವು! ಯಾ ಅಲ್ಲಾ, ಎಲ್ಲಾ ಒಟ್ಟಿಗೇ!"

ನಾಡಿದ್ದು ಹಣ್ಣಾಗಬೇಕಿದ್ದ ಹುಳುಗಳು ಕೂಲರಿದ್ದರೂ ಆ ವಾರದ ಕಾವಿಗೆ ಇವತ್ತೇ ಹಣ್ಣಾಗಿದ್ದವು. ಸೊಪ್ಪು ಬಿಟ್ಟು, ಹಳದಿ ತಿರುಗಿದ ಮೈಯಲ್ಲಿ ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಹಣ್ಣಾದ ಹುಳುವನ್ನು ಒಂದೊಂದಾಗಿ ಕೈಯಲ್ಲಿ ಆಯ್ದು ಗೂಡು ಕಟ್ಟಿಸುವ ತಟ್ಟಿ, ಚಂದ್ರಿಕೆಯ ಬಿದಿರು ಸುರುಳಿಗೆ ಬಿಡಬೇಕು. ತಡವಾದರೆ ಕಸದಲ್ಲಿ, ಗೋಡೆಯಲ್ಲಿ, ಸಿಕ್ಕಲ್ಲೆಲ್ಲ ನೂಲು ಸುತ್ತಿ ಬೆಳೆ ಹಾಳು.

"ಆಯ್ರೇ, ಬೇಗ ಆಯ್ರೇ!" ಗೌಡರು ಚಪ್ಪಾಳೆ ತಟ್ಟಿದರು.

ಅಮ್ಮ ಬಂದು ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡಳು. ಕೂಲರಿನ ಮುಂದೆ ಹೋಗಿ ಕಾಲು ಚಾಚಿ ಕೂತಳು.

"ಏಯ್, ಏಳೇ!"

"ಕೂಸು ಇಲ್ಲೇ ಇರ್ಲಿ ಅನ್ನಿ, ಏಳ್ತೀನಿ."

"ಇಲ್ಲಾಂದ್ರೆ ಏನೇ ಕಿತ್ಕೊಂತೀಯ?"

"ಏನೂ ಇಲ್ಲ. ಕುಂತಿರ್ತೀನಿ."

ಶಹರ್ ಬಾನು ಕೈಯಲ್ಲಿದ್ದ ಹುಳುವನ್ನು ಸೊಪ್ಪಿನ ಮೇಲೆ ಮೆಲ್ಲಗೆ ಬಿಟ್ಟು ಬಂದಳು. "ನಂಗೂ ಸೆಕೆ ಕಣಕ್ಕಾ, ಒಂಚೂರು ಜರುಗು." ಅವಳ ಹಿಂದೆ ಕೂಲಿಗೆ ಬಂದಿದ್ದ ಉಳಿದ ಆರು ಹೆಂಗಸರೂ ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬಳು ಎಲೆಅಡಿಕೆ ಬಿಚ್ಚಿದಳು. ನಾನು ನಡುವೆ ಕೂತು ಕೂಸಿಗೆ ಮೊಲೆ ಕೊಟ್ಟೆ.

ಗೌಡರು ಫೋನು ಮಾಡಿದರು. ಆಳುಗಳಿಗೆ ಮಾಡಿದರು, ಭಾವಮೈದುನನಿಗೆ ಮಾಡಿದರು. ಈ ಬಿಸಿಲಿಗೆ ಸುತ್ತ ಎಲ್ಲರ ಹುಳುವೂ ಇವತ್ತೇ ಹಣ್ಣಾಗಿದೆಯಂತೆ. ಕೊನೆಗೆ ತಾವೇ ಆಯತೊಡಗಿದರು. ಮೊದಲ ಹುಳು ಅವರ ಬೆರಳ ನಡುವೆ ಪಿಚ್ಚೆಂದು ಒಡೆಯಿತು. ಎರಡನೆಯದೂ.

"ಸಾರ್, ನೀವೂ ಒಂದು ಕೈ ಹಾಕಿ ಸಾರ್!"

ಮೋಹನ್‌ಬಾಬು ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದರು. ಅವರು ಹುಳುಗಳನ್ನು ಆಯುವುದಕ್ಕಿಂತ ಹುಳುಗಳು ಅವರನ್ನು ಹತ್ತುವುದೇ ಜಾಸ್ತಿಯಾಯಿತು.

ಗೌಡರು ಸೋತ ದನಿಯಲ್ಲಿ ಹೇಳಿದರು: "ಆಯ್ತು ಕಣವ್ವಾ. ಇವತ್ತೊಂದಿನ ಇರ್ಲಿ ಕೂಸು. ಎದ್ದೇಳು."

"ಬಿಸ್ಲು ಇವತ್ತೊಂದಿನಾನಾ ಗೌಡ್ರೇ?"

ಅಮ್ಮ ಏಳಲಿಲ್ಲ. ಕೂಲರು ಗುಂಯ್ಗುಡುತ್ತಿತ್ತು. ಮೋಹನ್‌ಬಾಬು ಅವರ ಕಾಲರಿನಿಂದ ಕಿವಿಗೆ ಒಂದು ಹುಳು ನೂಲೆಳೆಯುತ್ತಿತ್ತು. ಇನ್ನೊಂದು ಅವರ ಮೊಳಕೈ ಮಡಿಕೆಯಲ್ಲಿ ಆಗಲೇ ಗೂಡು ಕಟ್ಟತೊಡಗಿತ್ತು.

"ಅಲ್ಲಾಡಬೇಡಿ ಸಾರ್," ಎಂದರು ಗೌಡರು, ಕೈ ಮುಗಿದು. "ಗೂಡು ಮುಗಿಯೋಗಂಟ ಒಂದೆರಡು ದಿನ ಹಂಗೇ ನಿಂತ್ಕಳಿ."

ಮೋಹನ್‌ಬಾಬು ಒಂದು ಕೈ ಚಾಚಿಕೊಂಡು ಹಾಗೇ ನಿಂತರು.